ಐಡಾದ ಯುದ್ಧ ಕಾಣುವುದಿಲ್ಲ, ಕೇಳಿಸುತ್ತದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಟಲಿಯ ಸಂಗೀತಗಾರ ವೆರ್ದಿಯ ‘ಐಡಾ’ ಎಂಬ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಕನ್ನಡದಲ್ಲಿ ಒಪೆರಾ ಬಗ್ಗೆ ಬರೆಯುವವರೇ ಕಡಿಮೆ. ಆದರೆ ಬರಹವೆಲ್ಲ ಎರಡನೇ ಅಂಕದ ವಿಜಯದ ಮೆರವಣಿಗೆಯಲ್ಲೇ ಮುಗಿದುಹೋಯಿತು. ಎಷ್ಟು ಜನ, ಎಷ್ಟು ಕುದುರೆ, ಆನೆ ತರಿಸಿದ್ದರೋ ಇಲ್ಲವೋ. ನಾನು ಮೂವತ್ತೈದು ವರ್ಷ ಧಾರವಾಡದ ಹವ್ಯಾಸಿ ನಾಟಕಗಳಿಗೆ ಲೈಟಿಂಗ್ ಮಾಡಿದವನು. ಓದಿ ಸುಮ್ನೆ ಇರಲು ಆಗಲಿಲ್ಲ.

ಮ್ಯೂನಿಕ್‌ನಲ್ಲಿರುವ ಮಗಳು ಒಂದು ಬೇಸಿಗೆಯಲ್ಲಿ ನನ್ನನ್ನು ಇಟಲಿಯ ವೆರೋನಾಕ್ಕೆ ರೈಲಿನಲ್ಲಿ ಕರೆದೊಯ್ದಿದ್ದಳು. ಅಲ್ಲಿ ರೋಮನ್ನರು ಕಟ್ಟಿದ ದೊಡ್ಡ ಬಯಲು ರಂಗಮಂದಿರವಿದೆ. ವೆರ್ದಿ ಹುಟ್ಟಿ ನೂರು ವರ್ಷವಾದಾಗ, 1913ರ ಆಗಸ್ಟ್ 10ರಂದು, ಅಲ್ಲಿ ಐಡಾ ಆಡಿದರು. ಬೇಸಿಗೆಯ ಒಪೆರಾ ಉತ್ಸವ ಶುರುವಾಗಿದ್ದೇ ಅಲ್ಲಿಂದ. ಆಗ ಬಣ್ಣ ಬರೆದ ಪರದೆ ಬಿಟ್ಟು ನಿಜವಾದ ದಪ್ಪ ಕಂಬಗಳನ್ನೇ ನಿಲ್ಲಿಸಿದ್ದರು. ನಾವು ನೋಡಿದ್ದು ಆ ಹಳೆಯ ವಿನ್ಯಾಸ ಹಿಡಿದು ಮಾಡಿದ ಪ್ರದರ್ಶನ. ಹಗಲಿನ ಬಿಸಿ ಇನ್ನೂ ಆರದ ಕಲ್ಲಿನ ಮೆಟ್ಟಿಲ ಮೇಲೆ ದಿಂಬು ಹಾಕಿಕೊಂಡು ಕೂತಿದ್ದೆವು. ಮೆರವಣಿಗೆಯಲ್ಲಿ ಉದ್ದನೆಯ ನೇರ ಕಹಳೆಗಳು ಮೊಳಗಿದಾಗ ನನಗೂ ಮೈ ಜುಮ್ಮೆಂದಿತು.

ಆದರೆ ನಾಲ್ಕು ಅಂಕಗಳಲ್ಲಿ ಯುದ್ಧ ಒಮ್ಮೆಯೂ ಕಾಣುವುದಿಲ್ಲ. ಬರೀ ಸುದ್ದಿಯಾಗಿ ಬರುತ್ತದೆ. ಇಥಿಯೋಪಿಯಾದ ಮೇಲೆ ಯುದ್ಧಕ್ಕೆ ಹೊರಟ ಈಜಿಪ್ಟಿನ ಸೇನಾಪತಿ ರಡಾಮೆಸ್‌ಗೆ ‘ಗೆದ್ದು ಬಾ’ ಎಂದು ಊರೆಲ್ಲ ಕೂಗುತ್ತದೆ. ಅಲ್ಲಿಂದ ಸೆರೆ ತಂದ, ಅಲ್ಲಿನ ರಾಜನ ಮಗಳಾದ ಐಡಾ ಕೂಡ ಕೂಗಿಬಿಡುತ್ತಾಳೆ. ಅವಳ ಪ್ರೀತಿಯ ಗಂಡು ಅವನು. ಎಲ್ಲರೂ ಹೋದ ಮೇಲೆ ಒಬ್ಬಳೇ ನಿಂತಾಗ ಹೊಳೆಯುತ್ತದೆ: ಅವನು ಗೆಲ್ಲಬೇಕಾದದ್ದು ನನ್ನಪ್ಪನನ್ನು! ಇಲ್ಲಿ ಒಂದೇ ಸ್ಪಾಟ್‌ಲೈಟ್ ಸಾಕು ಅಲ್ವಾ?

ನಾಲ್ಕನೇ ಅಂಕದ ವಿಚಾರಣೆಯಂತೂ ನನ್ನನ್ನು ಇನ್ನೂ ಬಿಟ್ಟಿಲ್ಲ. ಐಡಾಳ ಮುಂದೆ ಸೇನೆಯ ದಾರಿಯ ಗುಟ್ಟು ಬಾಯಿಬಿಟ್ಟ ರಡಾಮೆಸ್‌ನನ್ನು ಪುರೋಹಿತರು ನೆಲಮಾಳಿಗೆಗೆ ಒಯ್ಯುತ್ತಾರೆ. ನಮಗೆ ಕಾಣುವುದು ಮೇಲೆ ನಿಂತ ರಾಜಕುಮಾರಿ ಅಮ್ನೆರಿಸ್ ಮಾತ್ರ. ಅವಳಿಗೂ ಅವನೆಂದರೆ ಪ್ರಾಣ. ಹೊಟ್ಟೆಕಿಚ್ಚಿನಿಂದ ಅವನನ್ನು ಹಿಡಿಸಿಕೊಟ್ಟವಳೂ ಅವಳೇ. ಕೆಳಗಿನಿಂದ ಪುರೋಹಿತನ ದನಿ ಅವನ ಹೆಸರು ಹಿಡಿದು ಕರೆಯುತ್ತದೆ. ಆರೋಪ ಹೇಳುತ್ತದೆ. ಉತ್ತರ ಕೊಡು ಅನ್ನುತ್ತದೆ. ಅವನು ಮಾತಾಡುವುದಿಲ್ಲ. ಹೀಗೆ ಮೂರು ಸಲ. ನಾವು ನೋಡುವುದು ಕೇಳಿಸಿಕೊಳ್ಳುತ್ತಿರುವ ಹೆಣ್ಣಿನ ಮುಖವನ್ನು.

ನನಗೆ ಆಗ ಅವ್ವನ ನೆನಪಾಯಿತು. 1971ರ ಡಿಸೆಂಬರಿನಲ್ಲಿ ನಮ್ಮಣ್ಣ ಸೇನೆಯಲ್ಲಿದ್ದ. ರೇಡಿಯೋದಲ್ಲಿ ವಾರ್ತೆ ಶುರುವಾದರೆ ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ನಮ್ಮ ಮನೆಗೆ ಯುದ್ಧ ಬಂದದ್ದು ಅಷ್ಟೇ. ಐಡಾ ಮೊದಲು ರಂಗಕ್ಕೇರಿದ್ದು ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1871ರ ಡಿಸೆಂಬರ್ 24ರಂದು, ಕೈರೋದಲ್ಲಿ. ಅದಕ್ಕೂ ಮೊದಲೇ ಆಗಬೇಕಿತ್ತು. ಆದರೆ ಪ್ಯಾರಿಸ್ಸಿನಲ್ಲಿ ತಯಾರಾಗುತ್ತಿದ್ದ ಸೆಟ್ಟು, ಉಡುಪು ಎಲ್ಲ ಜರ್ಮನಿಯ ಪ್ರಷ್ಯಾ ರಾಜ್ಯದ ಸೇನೆಯ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು.

ಕೊನೆಯ ದೃಶ್ಯಕ್ಕೆ ರಂಗವನ್ನು ಎರಡು ಅಂತಸ್ತು ಮಾಡಬೇಕು. ಮೇಲೆ ಬೆಳಕಿನ ದೇಗುಲ, ಕೆಳಗೆ ಕತ್ತಲ ಗೋರಿ. ರಡಾಮೆಸ್‌ನನ್ನು ಜೀವಂತ ಹೂತಿದ್ದಾರೆ. ಐಡಾ ಮೊದಲೇ ಬಂದು ಒಳಗೆ ಅಡಗಿದ್ದಾಳೆ. ಇಬ್ಬರೂ ಮೆಲ್ಲಗೆ ಭೂಮಿಗೆ ವಿದಾಯ ಹಾಡುತ್ತಾರೆ. ಮೇಲೆ ಅಮ್ನೆರಿಸ್ ಶಾಂತಿಗಾಗಿ ಬೇಡುತ್ತಾಳೆ. ಅಷ್ಟು ಕಹಳೆ ಊದಿಸಿದ ವೆರ್ದಿ ಕೊನೆಯಲ್ಲಿ ಪಿಟೀಲುಗಳನ್ನು ಉಸಿರಿನಷ್ಟು ಸಣ್ಣಗೆ ಮಾಡಿ ನಿಲ್ಲಿಸುತ್ತಾನೆ. ಇಲ್ಲಿ ಬೆಳಕು ತಗ್ಗಿಸುವ ಡಿಮ್ಮರ್ ಹಿಡಿದವನ ಕೈ ಒಂಚೂರು ಅವಸರ ಮಾಡಿದರೂ ಎಲ್ಲ ಹೋಯಿತು.

ಈ ಒಪೆರಾ ಆಡಿಸುವವರು ದುಡ್ಡನ್ನೂ ತಾಲೀಮಿನ ಹೊತ್ತನ್ನೂ ವಿಚಾರಣೆ, ಗೋರಿ ಈ ಎರಡು ದೃಶ್ಯಗಳಿಗೆ ಜಾಸ್ತಿ ಇಡಲಿ. ಮೆರವಣಿಗೆ ಸಣ್ಣದಾದರೂ ಕಹಳೆಗಳು ಅದನ್ನು ಎತ್ತಿ ನಿಲ್ಲಿಸುತ್ತವೆ. ನಿಮ್ಮಲ್ಲೂ ಒಂದು ಕೋರಿಕೆ. ಇನ್ನೊಮ್ಮೆ ಐಡಾ ಬಗ್ಗೆ ಬರೆಸಿದರೆ, ಆನೆಯ ಬದಲು ಆ ಎರಡು ಅಂತಸ್ತಿನ ದೃಶ್ಯದ ಫೋಟೊ ಹಾಕಿ.

– ನಿವೃತ್ತ ಬೆಳಕು ವಿನ್ಯಾಸಕ, ಧಾರವಾಡ