ಸೋಲುವವರ ಬಗ್ಗೆಯೂ ಎರಡು ಸಾಲು ಬರೆಯಿರಿ

ಸಂಪಾದಕರೇ,

2025ರ ಜುಲೈನಲ್ಲಿ ಅಮೆರಿಕದ ಟಿವಿ ಕುಸ್ತಿಯ ಸ್ಟಾರ್ ಹಲ್ಕ್ ಹೋಗನ್ ತೀರಿಕೊಂಡಾಗ ಪೇಪರು, ಟಿವಿ ಎಲ್ಲ ಕಡೆ ಅವರದೇ ಫೋಟೊ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅಂಥ ಸ್ಟಾರ್‌ಗಳ ಎದುರು ವಾರ ವಾರ ಸೋತು ಅವರನ್ನು ಸ್ಟಾರ್ ಮಾಡಿದವರ ಬಗ್ಗೆ ಕನ್ನಡದಲ್ಲಿ ನಾನು ಒಂದು ಸಾಲೂ ಓದಿಲ್ಲ.

ನಾವು ಸೋಮವಾರಪೇಟೆಯವರು. ಕೇಬಲ್ ಬಂದ ಹೊಸದರಲ್ಲಿ ಪಕ್ಕದ ಮನೆಗೆ ಹೋಗಿ ಡಬ್ಲ್ಯೂಡಬ್ಲ್ಯೂಎಫ್ ಅನ್ನುವ ಅಮೆರಿಕದ ಕುಸ್ತಿ ಕಾರ್ಯಕ್ರಮ ನೋಡುತ್ತಿದ್ದೆವು, ಮಳೆಗಾಲದಲ್ಲಂತೂ ಅರ್ಧಕ್ಕೇ ಕರೆಂಟ್ ಹೋಗುತ್ತಿತ್ತು. ಉಳಿದ ಹುಡುಗರಿಗೆ ಅಂಡರ್‌ಟೇಕರ್ ಇಷ್ಟ, ನನಗೆ ಬ್ಯಾರಿ ಹೊರೊವಿಟ್ಜ್. ಅವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಿದ್ದರು, ಹಾಕುವ ಕೋಟಿನ ಬೆನ್ನ ಮೇಲೂ ಅಂಗೈ ಗುರುತು. ವರ್ಷಗಟ್ಟಲೆ ಟಿವಿಯಲ್ಲಿ ಸೋತರು. 1995ರಲ್ಲಿ ಸ್ಕಿಪ್ ಅನ್ನುವ ಕುಸ್ತಿಪಟು ಗತ್ತು ತೋರಿಸುತ್ತಾ ಮೈಮರೆತಾಗ ಹಿಡಿದು ಮಗುಚಿ ಗೆದ್ದುಬಿಟ್ಟರು. ಅದೇ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಸಮ್ಮರ್‌ಸ್ಲ್ಯಾಮ್ ಅನ್ನುವ ದೊಡ್ಡ ಕುಸ್ತಿ ಕೂಟದಲ್ಲೂ ಅವನನ್ನೇ ಸೋಲಿಸಿದರು. ಕುಸ್ತಿಪಟುಗಳ ಫೋಟೊ ಇರುವ ನನ್ನ ಟ್ರಂಪ್ ಕಾರ್ಡ್ ಕಟ್ಟಿನಲ್ಲಿ ಮಾತ್ರ ಅವರ ಕಾರ್ಡ್ ಇರಲಿಲ್ಲ.

'ಅದೆಲ್ಲ ಡ್ರಾಮಾ ಅಲ್ವಾ' ಅಂತ ಕೇಳುವವರು ಇದ್ದಾರೆ. ಯಾರು ಗೆಲ್ಲಬೇಕು ಅಂತ ಮೊದಲೇ ಗೊತ್ತಿರುತ್ತದೆ, ನಿಜ. ಆದರೆ ಬೀಳುವುದು ನಿಜವಾಗಿಯೇ ಬೀಳುವುದು. ರಿಂಗ್‌ನ ನೆಲ ಅಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ, ಅದರ ಮೇಲೆ ತೆಳು ಫೋಮ್, ಮೇಲೆ ಕ್ಯಾನ್ವಾಸ್ ಬಟ್ಟೆ, ಅಷ್ಟೇ. ಗದ್ದವನ್ನು ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದ ಹಾಗೆ, ಮೇಲಿನ ಬೆನ್ನು ಪೂರ್ತಿ ಅಗಲವಾಗಿ ಬಡಿಯುವಂತೆ ಬೀಳಬೇಕು. ಎತ್ತಿ ಒಗೆಯುವವನ ಬಲ ಎಷ್ಟೇ ಇರಲಿ, ಎತ್ತಿಸಿಕೊಳ್ಳುವವನು ಸರಿಯಾದ ಗಳಿಗೆಗೆ ನೆಗೆದು ಕೊಡದಿದ್ದರೆ ಆ ಪಟ್ಟು ಕೂಡಿಬರುವುದಿಲ್ಲ, ಇಬ್ಬರಿಗೂ ಪೆಟ್ಟು. ಅಂದರೆ ಸೋಲುವವನೇ ಆಟವನ್ನು ಹೊರುತ್ತಾನೆ. ಅಲ್ಲಿ ಇಂಥವರನ್ನು ಜಾಬರ್ ಅನ್ನುತ್ತಾರೆ, ಆ ಮಾತು ಕೇಳಿದರೆ ನನಗೆ ಬೇಜಾರು. ಈ ಕುಸ್ತಿ ನಡೆಸುವ ದೊಡ್ಡ ಕಂಪನಿ ಕೂಡ ಕುಸ್ತಿಪಟುಗಳನ್ನು ನೌಕರರು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಗುತ್ತಿಗೆಯವರು ಅನ್ನುತ್ತದೆ. ಸ್ಟಾರ್‌ಗಳಿಗೆ ದುಡ್ಡಾದರೂ ಇರುತ್ತದೆ, ಬೆನ್ನು ಸವೆದ ಮೇಲೆ ಇಂಥವರ ಗತಿ ಏನು?

ನಮ್ಮ ಕೊಡಗಿನವರಿಗೆ ಇದು ಬೇಗ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಬಂದಿದ್ದವು. ಕಪ್ ಒಂದೇ. ಉಳಿದ 359 ತಂಡಗಳು ಬರದೇ ಇದ್ದಿದ್ದರೆ ಅದು ಹಬ್ಬವೇ ಆಗುತ್ತಿರಲಿಲ್ಲ. ಮೊದಲ ಮ್ಯಾಚಿಗೇ ಸೋತ ಮನೆಯವರನ್ನೂ ನಾವು ಮಾತನಾಡಿಸಿ, ಊಟ ಮಾಡಿಸಿ ಕಳಿಸುತ್ತೇವೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಭಾನುವಾರದ ಕ್ರೀಡಾ ಪುಟದಲ್ಲಿ ಆಗಾಗ ಅರ್ಧ ಕಾಲಂ ಇಂಥವರಿಗೆ ಬಿಡಿ. ಬ್ಯಾರಿ ಹೊರೊವಿಟ್ಜ್ ಅವರಿಂದಲೇ ಶುರು ಮಾಡಿದರೆ ತುಂಬಾ ಸಂತೋಷ.

— ಒಬ್ಬ ಓದುಗ, ಸೋಮವಾರಪೇಟೆ