ಮ್ಯಾಸಿಡೋನಿಯಾ ನಕ್ಷೆಗಳಿಗೆ ಕೈಜೋಡಿಸಿದ ಎಲ್ಲರಿಗೂ

ಒಟ್ಟೋಮನ್ (ತುರ್ಕಿ) ಆಳ್ವಿಕೆಯ ಕೊನೆಗಾಲದ, ಬಾಲ್ಕನ್ ಸೀಮೆಯ ಮ್ಯಾಸಿಡೋನಿಯಾ ಕುರಿತ ಕನ್ನಡ ನಕ್ಷೆಗಳು, 1870ರಿಂದ 1923ರವರೆಗಿನವು, ಅಂತೂ ಬೆಂಗಳೂರಿನಲ್ಲಿ ಅಚ್ಚಾಗಿ ಗೋಡೆಯೇರಿದವು. ಹೆಸರು ಹಾಕಬೇಡಿ ಅಂದವರೇ ಹೆಚ್ಚು. ಹಾಗಾಗಿ ಮಾಡಿದ ಕೆಲಸ ಹೇಳಿಯೇ ವಂದಿಸುತ್ತೇವೆ.

ಮೊದಲ ನಮಸ್ಕಾರ ಶಿವಾಜಿನಗರದ ಉರ್ದು ಮೇಷ್ಟ್ರಿಗೆ. ಒಟ್ಟೋಮನ್ ಜನಗಣತಿಯ ಕೋಷ್ಟಕಗಳಿರುವುದು ಅರಬ್ಬಿ ಲಿಪಿಯಲ್ಲಿ. ತುರ್ಕಿ ಬಾರದಿದ್ದರೂ ಅಂಕಿಗಳನ್ನೂ ‘ಝುಕೂರ್’, ‘ಇನಾಸ್’ ಎಂಬ ಗಂಡು-ಹೆಣ್ಣಿನ ಕಾಲಂಗಳನ್ನೂ ಸಲೀಸಾಗಿ ಓದಿಕೊಟ್ಟರು. ಮನೆಮಾತಿಗೆ ಅಲ್ಲಿ ಕಾಲಮ್ಮೇ ಇಲ್ಲ. ಕೇಳಿದ್ದು ಧರ್ಮ, ಆರ್ಥಡಾಕ್ಸ್ ಕ್ರೈಸ್ತರಾದರೆ ಯಾವ ಚರ್ಚು ಎಂದು. 1870ರಲ್ಲಿ ಸುಲ್ತಾನ ಹೊರಡಿಸಿದ ಫರ್ಮಾನಿನಿಂದ ಬಲ್ಗೇರಿಯನ್ನರಿಗೆ ಎಕ್ಸಾರ್ಕೇಟ್ ಎಂಬ ಬೇರೆ ಚರ್ಚು ಸಿಕ್ಕಿತ್ತು. ಒಂದು ಧರ್ಮಪ್ರಾಂತದ ಆರ್ಥಡಾಕ್ಸ್ ಜನರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಅದಕ್ಕೆ ಸೇರಬಹುದಿತ್ತು. ಸೇರಿದರೆ ಪಾದ್ರಿಯೂ ಬದಲು, ಶಾಲೆಯ ಪಾಠದ ಭಾಷೆಯೂ ಬದಲು. ಸ್ಲಾವಿಕ್ ಮಾತಾಡುವ ರೈತ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ (ಹಳೆಯ ಗ್ರೀಕ್ ಚರ್ಚಿನ ಮುಖ್ಯಸ್ಥ) ಕೆಳಗೇ ಉಳಿದರೆ ದಫ್ತರದಲ್ಲಿ ‘ರೂಮ್’ (ಗ್ರೀಕ್ ಆರ್ಥಡಾಕ್ಸ್), ಅಥೆನ್ಸ್‌ನ ಕಣ್ಣಿಗೆ ಗ್ರೀಕ. ಅದೇ ಮಾತಿನ ಪಕ್ಕದೂರಿನವನು ಎಕ್ಸಾರ್ಕೇಟ್ ಸೇರಿದರೆ ಬಲ್ಗೇರಿಯನ್.

ಇಂಥಲ್ಲಿ ಊರಿಗೊಂದು ಬಣ್ಣ ಬಳಿದರೆ ನಕ್ಷೆ ಸುಳ್ಳು ಹೇಳುತ್ತದೆ. ಚರ್ಚಿಗೆ ಚುಕ್ಕಿ, ಮಾತಿಗೆ ಗೆರೆ, ಎರಡೂ ಬೇರೆ ಪದರದಲ್ಲಿರಲಿ ಎಂದು ಹಟ ಹಿಡಿದ ವಿನ್ಯಾಸಕಿಗೆ ದೊಡ್ಡ ಥ್ಯಾಂಕ್ಸ್. ಹಟ ಯಾಕೆಂದು ಕೇಳುವವರು ಹೋಲಿಕೆಯ ಹಾಳೆ ನೋಡಿ: ಸರ್ಬಿಯಾದ ಪರ ಬರೆದ ಗೋಪ್ಚೆವಿಚ್ 1889ರಲ್ಲಿ ಕೊಟ್ಟ ಲೆಕ್ಕದಲ್ಲಿ ಸರ್ಬರು 20 ಲಕ್ಷಕ್ಕೂ ಹೆಚ್ಚು; ಬಲ್ಗೇರಿಯದ ಕಾಂಚೋವ್‌ನ 1900ರ ಲೆಕ್ಕದಲ್ಲಿ 700. ಸೊನ್ನೆ ಬಿಟ್ಟುಹೋಗಿಲ್ಲ, ಏಳುನೂರೇ. ಇಬ್ಬರೂ ಎಣಿಸಿದ್ದು ಬಹುಪಾಲು ಅದೇ ರೈತರನ್ನು! ಆಸ್ಟ್ರಿಯಾ-ಹಂಗೇರಿ, ರಷ್ಯಾ ಸೇರಿ ರೂಪಿಸಿದ 1903ರ ಅಕ್ಟೋಬರಿನ ಮ್ಯೂರ್ಟ್ಸ್‌ಸ್ಟೆಗ್ ಯೋಜನೆ, ಶಾಂತಿ ನೆಲೆಸಿದ ಮೇಲೆ ಜನಾಂಗಗಳಿಗೆ ತಕ್ಕಂತೆ ಆಡಳಿತದ ಗಡಿ ಸರಿಪಡಿಸುತ್ತೇವೆ ಅಂದದ್ದೇ ತಡ, ಊರುಗಳನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಲು ಬಂದೂಕಿನ ತಂಡಗಳ ಪೈಪೋಟಿ ಇನ್ನಷ್ಟು ಜೋರಾಯಿತು.

ದಿನಾಂಕ ತಿದ್ದಿದ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೂ ಋಣಿಗಳು. ಅಲ್ಲಿ ಬಳಕೆಯಲ್ಲಿದ್ದ ಹಳೆಯ ಜೂಲಿಯನ್ ಪಂಚಾಂಗದ ತಾರೀಖನ್ನು ನಮ್ಮದಕ್ಕೆ ತರಲು 1900ರ ಫೆಬ್ರವರಿವರೆಗೆ 12 ದಿನ ಕೂಡಿಸಬೇಕು, ಆಮೇಲೆ 13. ಇಲ್ಲದಿದ್ದರೆ 1903ರ ಒಟ್ಟೋಮನ್ ವಿರೋಧಿ ಇಲಿಂಡೆನ್ ದಂಗೆ ಜುಲೈ 20ಕ್ಕೊಮ್ಮೆ, ಆಗಸ್ಟ್ 2ಕ್ಕೊಮ್ಮೆ ನಡೆದಂತೆ ಕಾಣುತ್ತದೆ. ತುರ್ಕರ ಸರ್ಕಾರಿ ಪಂಚಾಂಗವಾಗಿದ್ದ ರೂಮಿಯ ವರ್ಷಕ್ಕೆ 584 ಕೂಡಿಸಿದರೆ ನಮ್ಮ ಇಸವಿ. ಆ ವರ್ಷ ಮಾರ್ಚ್‌ನಲ್ಲಿ ಶುರುವಾಗುವುದರಿಂದ ಜನವರಿ, ಫೆಬ್ರವರಿಗೆ 585. ಜೀವನವಿಡೀ ಏಪ್ರಿಲ್-ಮಾರ್ಚ್ ಲೆಕ್ಕ ಬರೆದವರಿಗೆ ಇದೇನು ಮಹಾ!

ಕೊನೆಯ ಹಾಳೆ 1923ರ ಗ್ರೀಸ್-ತುರ್ಕಿ ಜನ ವಿನಿಮಯದ್ದು. ಅಲ್ಲೂ ಮಾನದಂಡ ಧರ್ಮವೇ: ತುರ್ಕಿ ಮಾತಾಡುವ ಕರಮನ್ಲಿ ಕ್ರೈಸ್ತರು ಗ್ರೀಸಿಗೆ, ಗ್ರೀಕ್ ಮಾತಾಡುವ ಕ್ರೀಟ್‌ನ ಮುಸ್ಲಿಮರು ತುರ್ಕಿಗೆ.

ಅವೆನ್ಯೂ ರಸ್ತೆಯ ಅಚ್ಚಿನ ಹುಡುಗರಿಗೆ ಶರಣು. ಅಕ್ಷರಗಳನ್ನು ಔಟ್‌ಲೈನ್ ಮಾಡದೆ ಫೈಲ್ ಕೊಟ್ಟರೆ ಒತ್ತಕ್ಷರ ಚೆಲ್ಲಾಪಿಲ್ಲಿ ಎಂದು ಮೊದಲೇ ಎಚ್ಚರಿಸಿದ್ದರು. ಶಾಲೆಗಳು ಫೈಲ್ ಕೇಳಿ ಪಡೆಯಬಹುದು. ಎ1 ಅಳತೆಯಲ್ಲೇ ಅಚ್ಚು ಹಾಕಿಸಿ. ಕುಗ್ಗಿಸಲೇಬೇಕಾದರೆ ಅಂಕಿಯಲ್ಲಿರುವ ಸ್ಕೇಲ್ ಅಳಿಸಿ, ಗೆರೆಯ ಅಳತೆಪಟ್ಟಿ ಮಾತ್ರ ಉಳಿಸಿಕೊಳ್ಳಿ.