ಹೆಸರು ಗೊತ್ತಿಲ್ಲದ ಅಕ್ಕನಿಗೆ

ಅಕ್ಕಾ, ಕಟ್ಟಡ ಕೆಲಸದವರ ಶೆಡ್‌ಗಳಿಗೆ ಬಂದು ಅಪ್ಪನ ಕೆಮ್ಮಿನ ಬಗ್ಗೆ ವಿಚಾರಿಸಿದವರು ನೀವೊಬ್ಬರೇ. ಎರಡು ವಾರ ದಾಟಿದ ಕೆಮ್ಮನ್ನು ಸುಮ್ನೆ ಬಿಡಬಾರದು, ಕಫ ಪರೀಕ್ಷೆ ಮಾಡಿಸಿ ಅಂದಿರಿ. ಟಿಬಿ ಅಂತ ಗೊತ್ತಾದಾಗ ಅಕ್ಕಪಕ್ಕದವರು ದೂರ ಸರಿದರು. ಮುಟ್ಟಿದರೆ, ತಟ್ಟೆ ಲೋಟ ಹಂಚಿಕೊಂಡರೆ ಇದು ಬರುವುದಿಲ್ಲ, ಗಾಳಿಯಿಂದ ಹರಡುತ್ತದೆ, ಕಿಟಕಿ ತೆರೆದಿಡಿ ಎಂದು ಅವರಿಗೂ ಬಿಡಿಸಿ ಹೇಳಿದಿರಿ.

ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯಿತು. ಇನ್ನು ಮಾತ್ರೆ ಯಾಕೆ ಅಂದರು ಅಪ್ಪ (ಹಟ ಜಾಸ್ತಿ ಅವರಿಗೆ). ಮಧ್ಯದಲ್ಲಿ ಬಿಟ್ಟರೆ ರೋಗ ಔಷಧಿಗೆ ಬಗ್ಗುವುದಿಲ್ಲ ಅಂತ ನೀವು ಗದರಿದ್ದಕ್ಕೇ 6 ತಿಂಗಳ ಚಿಕಿತ್ಸೆ ಮುಗಿಯಿತು. ಕೆಲಸದ ಜಾಗ ಬದಲಾದಾಗ ಅಲ್ಲಿನ ಆಸ್ಪತ್ರೆಗೆ ಚೀಟಿಯನ್ನೂ ಬರೆಸಿಕೊಟ್ಟಿರಿ. ನನ್ನ ಪ್ರಕಾರ ಅದೇ ದೊಡ್ಡ ಉಪಕಾರ. ಊರೂರು ಅಲೆಯುವವರ ಮಾತ್ರೆ ತಪ್ಪುವುದೇ ಅಲ್ಲಿ, ಅಲ್ವಾ? ಅಪ್ಪ ಈಗ ಹುಷಾರಾಗಿದ್ದಾರೆ. ತುಂಬಾ ಥ್ಯಾಂಕ್ಸ್ ಅಕ್ಕಾ.